ವಾದ್ಯ ಬೇಕೋ, ರಿಯಾಯಿತಿ ಬೇಕೋ?



ಮನೆಗೆ ಯಾವ ವಸ್ತು ಬರಬೇಕು, ಯಾವುದು ಬರಬಾರದು ಎಂಬುದನ್ನು ಹಿಂದಿನ ಹಿರಿಯರು ಸಂತೆಗೆ ಹೊರಡುವ ಮುನ್ನವೇ ನಿರ್ಣಯಿಸುತ್ತಿದ್ದರು. ಸಂತೆ ಕೂಡುತ್ತಿದ್ದುದು ವಾರಕ್ಕೆ ಒಂದು ದಿನ. ಉಳಿದ ಆರು ದಿನ ಯೋಚಿಸಲು ಬಿಡುವಿತ್ತು. ಈಗಲಾದರೋ ಸಂತೆಯೇ ಅಂಗೈಯ ಮೊಬೈಲಿನಲ್ಲಿ ಹಗಲಿರುಳೂ ಕೂಡಿರುತ್ತದೆ. ಕೊಳ್ಳುವ ಕೆಲಸ ಬೆರಳು ತಾಗಿಸಿದಷ್ಟು ಸಲೀಸಾಗಿದೆ. ಯೋಚಿಸುವ ಕೆಲಸ ಮಾತ್ರ ಮೊದಲಿನಷ್ಟೇ ಕಷ್ಟವಾಗಿ ಉಳಿದಿದೆ. ಅಂಥದೊಂದು ಪ್ರಸಂಗವನ್ನು ಈ ಸಲ ವಾಚಕರ ಮುಂದಿಡಬೇಕೆಂದಿದ್ದೇವೆ.

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ತೆಂಗು, ರಾಗಿಯ ಬೇಸಾಯ. ಎರಡು ಸೀಮೆ ಹಸು. ಡೇರಿಯ ಬಟವಾಡೆ ಮನೆಯೊಡತಿಯ ಖಾತೆಗೆ ಬರುತ್ತದೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಮಗ ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದಾನೆ. ಜಾತ್ರೆಗಳಲ್ಲಿ ನಡೆಯುವ ವಾದ್ಯಗೋಷ್ಠಿಗಳನ್ನು ನೋಡಿ ನೋಡಿ ಅವನಿಗೆ ಡ್ರಮ್ಸ್ ನುಡಿಸುವ ಹಂಬಲ ಹತ್ತಿದೆ. ಊಟದ ತಟ್ಟೆ, ಕೊಬ್ಬರಿ ಡಬ್ಬ, ಓದುವ ಮೇಜು ಯಾವುದನ್ನೂ ಅವನ ಬೆರಳು ಬಿಡುವುದಿಲ್ಲವಂತೆ. ಒಂದು ದಿನ ಮೊಬೈಲಿನಲ್ಲಿ 38,000 ರೂಪಾಯಿಯ ಡ್ರಮ್ ಸೆಟ್ಟು 19,000 ರೂಪಾಯಿಗೆ ಸಿಗುತ್ತದೆಂಬ ಜಾಹೀರಾತು ಕಂಡಿತು. ಎರಡೇ ದಿನದ ಅವಕಾಶ ಎಂಬ ಎಚ್ಚರಿಕೆಯೂ ಅದರ ಕೆಳಗಿತ್ತು. ಮಗ ಹಟ ಹಿಡಿದ. ತಂದೆಗೆ ದಿಕ್ಕು ತೋಚದೆ ನಮ್ಮನ್ನು ಕೇಳಿದ್ದಾರೆ: ಕೊಡಿಸೋಣವೋ, ಬೇಡವೋ?

ಮಾಸಪತ್ರಿಕೆಯ ಉತ್ತರ ಅಚ್ಚಾಗಿ ಕೊತ್ತಗೆರೆ ತಲುಪುವಷ್ಟರಲ್ಲಿ ಆ ಎರಡು ದಿನ ಎಂದೋ ಕಳೆದುಹೋಗಿರುತ್ತವೆ. ಇದರಿಂದ ನಮಗೊಂದು ಅನುಕೂಲವೇ ಆಗಿದೆ. ಅವಸರವನ್ನು ಬದಿಗಿಟ್ಟು ವಿಷಯವನ್ನು ಮಾತ್ರ ವಿಚಾರಿಸಬಹುದು.

ಪತ್ರದಲ್ಲಿ ಮೂರು ಮಾತುಗಳು ಬೆರೆತುಕೊಂಡಿವೆ. ಚರ್ಮವಾದ್ಯ ಬಡಿಯುವುದು ನಮ್ಮಂಥ ಮನೆತನಕ್ಕೆ ಒಪ್ಪುವ ಕೆಲಸವೇ ಎಂಬುದು ತಂದೆಯ ಅಳುಕು. ಇಷ್ಟು ಕಡಿಮೆ ಬೆಲೆ ಮತ್ತೆ ಸಿಗದು ಎಂಬುದು ಮಗನ ವಾದ. ಮಗಳ ಶುಲ್ಕಕ್ಕೆಂದು ತಾಯಿ ಕೂಡಿಟ್ಟ ಹಣವನ್ನು ಸದ್ಯಕ್ಕೆ ಬಳಸಿ ಜೂನ್ ತಿಂಗಳೊಳಗೆ ಹೊಂದಿಸಬಹುದು ಎಂಬುದು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬಂದಿರುವ ಮಾತು. ಈ ಮೂರನ್ನೂ ಬೇರ್ಪಡಿಸಿ ನೋಡದ ಹೊರತು ನಿರ್ಣಯ ಸರಿಹೋಗದು.

ಮೊದಲು ಮನೆತನದ ಮಾತು. ಈ ಅಳುಕನ್ನು ನಾವು ಒಪ್ಪಲಾರೆವು. ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಢಕ್ಕೆಯ ಬೊಮ್ಮಣ್ಣನಿದ್ದಾನೆ. ಢಕ್ಕೆ ಬಾರಿಸುವುದೇ ಅವನ ಕಾಯಕ. ಆ ಕಾಯಕವೇ ಅವನ ಹೆಸರಿಗೆ ಅಂಟಿ ಇಂದಿಗೂ ಉಳಿದಿದೆ. ಅವನ ವಚನಗಳು ಬಸವಾದಿ ಪ್ರಮಥರ ವಚನಗಳ ಜೊತೆಯಲ್ಲಿಯೇ ಸಂಪುಟಗಳಲ್ಲಿ ಸೇರಿವೆ. ಕಿನ್ನರಿ ಬೊಮ್ಮಯ್ಯನಿಗೆ ಹೆಸರು ತಂದದ್ದು ಕಿನ್ನರಿ. ಚರ್ಮದ ಕೆಲಸ ಮಾಡಿದ ಮಾದಾರ ಚೆನ್ನಯ್ಯ, ಹರಳಯ್ಯರನ್ನು ನಾವು ಪ್ರತಿ ವರ್ಷ ಭಾಷಣಗಳಲ್ಲಿ ನೆನೆಯುತ್ತೇವೆ. ವೇದಿಕೆಯ ಮೇಲೆ ಅವರನ್ನು ಕೊಂಡಾಡಿ, ಮನೆಗೆ ಬಂದು ಚರ್ಮವಾದ್ಯ ಕೀಳೆಂದು ಮಗನಿಗೆ ಹೇಳಿದರೆ ಆ ಹುಡುಗ ಯಾವ ಮಾತನ್ನು ನಂಬಬೇಕು?

ಅಷ್ಟೇಕೆ, ನಮ್ಮ ಉತ್ಸವಗಳನ್ನೇ ನೋಡಿರಿ. ವೀರಗಾಸೆಯವರ ಹೆಜ್ಜೆ ಏಳುವುದು ಸಮಾಳದ ಪೆಟ್ಟಿಗೆ. ನಂದಿಧ್ವಜ ಮುಂದೆ ಸಾಗುವುದು ಕರಡೆಯ ಸದ್ದಿನಲ್ಲಿ. ದೇವರ ಮುಂದೆ ಪವಿತ್ರವಾದ ವಾದ್ಯ ನಮ್ಮ ಪಡಸಾಲೆಗೆ ಬಂದೊಡನೆ ಅಪವಿತ್ರವಾಗುವುದಿಲ್ಲ. ಅದನ್ನು ನುಡಿಸುವ ಕೈಯನ್ನು ಹಗುರವಾಗಿ ಕಾಣುವ ಅಭ್ಯಾಸವೇ ಬಿಡತಕ್ಕದ್ದು.

ಪಕ್ಕದ ಗುಬ್ಬಿಯ ನಿದರ್ಶನವೂ ಇದೆ. ಅಲ್ಲಿನ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಹೆಸರು ಹೊತ್ತ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ನಾಟಕ ಕಂಪನಿ ಸೇರಿದ ಹುಡುಗ ಕೆಟ್ಟನೆಂದೇ ಗೃಹಸ್ಥರು ಭಾವಿಸುತ್ತಿದ್ದ ಕಾಲ ಅದು. ಬಾಲಕನಾಗಿಯೇ ಆ ಕಂಪನಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ಕನ್ನಡ ರಂಗಭೂಮಿಗೇ ಹಿರಿಯರಾದರು. ಇಂದು ತುಮಕೂರು ಜಿಲ್ಲೆಯ ಹೆಸರನ್ನು ಹೊರಗಿನವರು ಹೇಳುವಾಗ ಗುಬ್ಬಿ ವೀರಣ್ಣನವರನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಪ್ರತಿ ಹುಡುಗನೂ ವೀರಣ್ಣನಾಗುತ್ತಾನೆಂದು ನಾವು ಹೇಳುತ್ತಿಲ್ಲ. ಕಲೆಯೆಂಬ ಕಾರಣಕ್ಕೆ ಬೇಡವೆನ್ನಬಾರದು ಎಂಬಿಷ್ಟೇ ನಮ್ಮ ಮಾತು.

ಇನ್ನು ಮಗನ ವಾದಕ್ಕೆ ಬರೋಣ. ತಂದೆಯ ಅಳುಕನ್ನು ತಳ್ಳಿಹಾಕಿದಷ್ಟೇ ನಿಷ್ಠುರವಾಗಿ ಇದನ್ನೂ ತಳ್ಳಿಹಾಕಬೇಕಾಗಿದೆ. 38,000 ರೂಪಾಯಿಯ ವಸ್ತು 19,000 ರೂಪಾಯಿಗೆ ಬಂದರೆ 19,000 ರೂಪಾಯಿ ಉಳಿಯಿತೆಂದು ಅವನ ಲೆಕ್ಕ. ಪೊಟ್ಟಣದ ಮೇಲೆ ಮುದ್ರಿಸುವ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಕಾನೂನಿದೆ. ಆದರೆ ಇಂಥ ವಸ್ತುಗಳಿಗೆ ಆ ಗರಿಷ್ಠ ಬೆಲೆ ಎಷ್ಟಿರಬೇಕೆಂದು ಗೊತ್ತುಮಾಡುವವನು ತಯಾರಕನೇ. ಅದೇ ಸೆಟ್ಟು ಬೆಂಗಳೂರಿನ ವಾದ್ಯದಂಗಡಿಯಲ್ಲಿ ವರ್ಷವಿಡೀ 20,000 ರೂಪಾಯಿಗೆ ದೊರೆಯುತ್ತಿದ್ದರೆ ನಿಜವಾದ ರಿಯಾಯಿತಿ ಸಾವಿರ ರೂಪಾಯಿ ಮಾತ್ರ. ಆದುದರಿಂದ ಗೀಟು ಹೊಡೆದ ಬೆಲೆಯನ್ನು ನೋಡಬೇಡಿರಿ. ಅದೇ ತಯಾರಕನ ಅದೇ ಮಾದರಿ ಬೇರೆ ಎರಡು ಮೂರು ಕಡೆ ಎಷ್ಟಕ್ಕಿದೆ ಎಂಬುದನ್ನು ವಿಚಾರಿಸಿರಿ. ಅದರ ಮೇಲೆ ಒಂದು ತಿಂಗಳು ಕಣ್ಣಿಟ್ಟರೆ ಬೆಲೆ ಏರುವುದೂ ಇಳಿಯುವುದೂ ತಾನೇ ತಿಳಿಯುತ್ತದೆ.

ಎರಡೇ ದಿನ ಎಂಬ ಅವಸರದ ಬಗೆಗೂ ಒಂದು ಮಾತು. ಇಲ್ಲದ ತುರ್ತನ್ನು ಇದೆಯೆಂದು ತೋರಿಸಿ ಗಿರಾಕಿಯನ್ನು ಕೊಳ್ಳುವಂತೆ ಮಾಡುವುದು ಎಷ್ಟು ಹಬ್ಬಿದೆಯೆಂದರೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸದ ತಂತ್ರಗಳನ್ನು ಹೆಸರಿಸಿ ನಿಷೇಧಿಸಬೇಕಾಯಿತು. ಸುಳ್ಳು ತುರ್ತು ಅವುಗಳಲ್ಲೊಂದು. ಗಡುವುಗಳೆಲ್ಲವೂ ಸುಳ್ಳೆಂದಲ್ಲ. ಆದರೆ ಗಡುವು ನಿಜವಿದ್ದರೂ ಅದು ಮಾರುವವನ ಗಡುವು. ಹುಡುಗನ ಕೈಗೆ ಕಲೆ ಬರುವುದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ.

ಕಂತಿನ ಆಸೆಯೂ ಇದರೊಂದಿಗೆ ಬರುತ್ತದೆ. ಬಡ್ಡಿಯಿಲ್ಲದ ಕಂತು ಎಂದು ಬರೆದಿರುತ್ತಾರೆ. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕಳುಹಿಸಿದ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿ ಎಂಬ ಕಲ್ಪನೆಗೇ ಅಸ್ತಿತ್ವವಿಲ್ಲವೆಂದು ಸ್ಪಷ್ಟಪಡಿಸಿತ್ತು. ಬಡ್ಡಿ ಬೆಲೆಯೊಳಗೋ, ಶುಲ್ಕದೊಳಗೋ, ಕೈತಪ್ಪಿದ ರಿಯಾಯಿತಿಯೊಳಗೋ ಅಡಗಿರುತ್ತದೆ. ಒಟ್ಟು ಎಷ್ಟು ಕಟ್ಟಬೇಕಾಗುತ್ತದೆಂದು ಕೂಡಿಸಿ ನೋಡಿದರೆ ಅದು ಹೊರಬೀಳುತ್ತದೆ.

ಇನ್ನು ಆ ವಸ್ತುವಿನ ವಿಷಯ. ಚಿತ್ರದಲ್ಲಿ ಕಂಡದ್ದೆಲ್ಲ ಪೆಟ್ಟಿಗೆಯಲ್ಲಿ ಬರುತ್ತದೆಂದು ತಿಳಿಯಬಾರದು. ಡ್ರಮ್ ಸೆಟ್ಟು ಒಂದು ವಾದ್ಯವಲ್ಲ, ವಾದ್ಯಗಳ ಕೂಟ. ನೆಲದ ಮೇಲೆ ಅಡ್ಡಲಾಗಿ ನಿಂತ ದೊಡ್ಡ ಬಾಸ್ ಡ್ರಮ್ಮನ್ನು ಕಾಲಿನಿಂದ ಮೆಟ್ಟಿ ನುಡಿಸುತ್ತಾರೆ. ತೊಡೆಗಳ ನಡುವೆ ಸ್ನೇರ್ ಡ್ರಮ್ಮು. ಅದರ ಅಡಿಯಲ್ಲಿ ಬಿಗಿದ ತಂತಿಗಳು ಚರಚರನೆ ದನಿಗೂಡುತ್ತವೆ. ಮೇಲೆ ಎರಡು ಟಾಮ್, ಬದಿಯಲ್ಲಿ ನೆಲದ ಮೇಲೆ ನಿಲ್ಲುವ ಇನ್ನೊಂದು ಟಾಮ್. ಹೀಗೆ ಐದು. ಇವುಗಳ ಸುತ್ತ ಸಿಂಬಲ್ ಎನ್ನುವ ಲೋಹದ ಬಿಲ್ಲೆಗಳು. ಹಿಂದೆ ಬೇರೆ ಬೇರೆಯವರು ಹೊತ್ತು ನುಡಿಸುತ್ತಿದ್ದ ಈ ವಾದ್ಯಗಳನ್ನು ಒಬ್ಬನೇ ಕುಳಿತು ನುಡಿಸುವ ಪದ್ಧತಿ ಅಮೆರಿಕದಲ್ಲಿ ಬೆಳೆಯಿತು. 1909ರಲ್ಲಿ ಷಿಕಾಗೋ ನಗರದ ಲುಡ್ವಿಗ್ ಎಂಬುವರು ಅನುಕೂಲವಾದ ಕಾಲ್ಮೆಟ್ಟು ತಯಾರಿಸಿದ ಮೇಲೆ ಅದು ನೆಲೆನಿಂತಿತು.

ಐದು ತುಂಡಿನ ಸೆಟ್ಟು ಎಂದರೆ ಐದು ಡ್ರಮ್ಮುಗಳೆಂದೇ ಅರ್ಥ; ಸಿಂಬಲ್ ಆ ಎಣಿಕೆಯಲ್ಲಿಲ್ಲ. ಶೆಲ್ ಪ್ಯಾಕ್ ಎಂದು ಬರೆದಿದ್ದರೆ ಡ್ರಮ್ಮುಗಳಷ್ಟೇ ಬರುತ್ತವೆ. ಸಿಂಬಲ್, ಅವುಗಳ ನಿಲುಗಂಬ, ಕಾಲ್ಮೆಟ್ಟು, ಕೂರುವ ಪೀಠ ಇವನ್ನು ಬೇರೆಯಾಗಿ ಕೊಳ್ಳಬೇಕಾಗಬಹುದು. 19,000 ರೂಪಾಯಿಯ ಒಳಗೆ ಇವೆಲ್ಲ ಇವೆಯೇ ಎಂಬುದೇ ಮೊದಲ ಪ್ರಶ್ನೆ. ಎರಡನೆಯದು ಅಳತೆ. ಪೂರ್ಣ ಪ್ರಮಾಣದ ಬಾಸ್ ಡ್ರಮ್ಮು ಸಾಮಾನ್ಯವಾಗಿ 20 ಇಲ್ಲವೇ 22 ಅಂಗುಲ ಅಗಲವಿರುತ್ತದೆ. ಮಕ್ಕಳ ಸೆಟ್ಟು 16 ಅಂಗುಲದ್ದಿದ್ದರೂ ಚಿತ್ರದಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಹದಿನೇಳರ ಹುಡುಗನಿಗೆ ಎಂಟು ವರ್ಷದವನ ಅಂಗಿ ತಂದಂತಾಗಬಾರದು.

ಮೂರನೆಯದು ಲೋಹ. ಒಳ್ಳೆಯ ಸಿಂಬಲ್ಲುಗಳು ಕಂಚಿನವು. ಉತ್ತಮ ದರ್ಜೆಯವುಗಳಲ್ಲಿ ಎಂಬತ್ತು ಪಾಲು ತಾಮ್ರಕ್ಕೆ ಇಪ್ಪತ್ತು ಪಾಲು ತವರ. ಗಂಟೆ ಎರಕ ಹೊಯ್ಯುವವರ ಕಂಚೂ ಹೆಚ್ಚುಕಡಿಮೆ ಇದೇ ಪಾಕದ್ದು. ಅಗ್ಗದ ಸೆಟ್ಟುಗಳ ಜೊತೆ ಬರುವುದು ಬಹುತೇಕ ಹಿತ್ತಾಳೆ. ಒಳ್ಳೆಯ ಗಂಟೆಯ ನಾದ ಕೇಳಿದ ನಮ್ಮ ಮನೆಯವರಿಗೆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಟ್ಟಿದರೆ ಕಿವಿಯೇ ಹೇಳುತ್ತದೆ. ಮೊಬೈಲಿನ ಚಿತ್ರವನ್ನು ಮಾತ್ರ ತಟ್ಟಿ ನೋಡುವಂತಿಲ್ಲ.

ನಾಲ್ಕನೆಯದು ಸದ್ದು. ಡ್ರಮ್ಮಿಗೆ ಮೆಲ್ಲನೆಯ ದನಿಯಿಲ್ಲ. ನುಡಿಸುವವನ ಕಿವಿಯ ಬಳಿ ನೂರು ಡೆಸಿಬೆಲ್ ಸುಲಭವಾಗಿ ದಾಟುತ್ತದೆ. ಎಂಬತ್ತೈದಕ್ಕೆ ಮೀರಿದ ಸದ್ದು ದಿನವೂ ಬಹಳ ಹೊತ್ತು ಬಿದ್ದರೆ ಕಿವಿ ಮಂದವಾಗುತ್ತದೆ. ಆದುದರಿಂದ ಅಭ್ಯಾಸದ ವೇಳೆ ಕಿವಿಗೆ ರಕ್ಷೆ ಬೇಕೇ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಗೊತ್ತುಮಾಡಿವೆ. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಕಾನೂನಿಗಿಂತ ಮೊದಲು ನೆರೆಮನೆಯ ಹಸುಗೂಸು, ಹಾಸಿಗೆ ಹಿಡಿದ ಮುದುಕರು ನೆನಪಾಗಬೇಕು. ತೋಟದ ಮನೆಯಿದ್ದರೆ ಒಂದು ಬಗೆ, ಗೋಡೆಗೆ ಗೋಡೆ ತಾಗಿದ ಕೇರಿಯ ಮನೆಯಾದರೆ ಇನ್ನೊಂದು ಬಗೆ. ಕಿವಿಗೆ ಹಾಕಿಕೊಂಡು ಕೇಳುವ ವಿದ್ಯುನ್ಮಾನ ಸೆಟ್ಟುಗಳೂ ಇವೆ. ಅವುಗಳ ಬೆಲೆ, ದುರಸ್ತಿ ಬೇರೆಯೇ ಲೆಕ್ಕ.

ಇಷ್ಟೆಲ್ಲ ವಿಚಾರಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮ ಮಟ್ಟಿಗೆ ಅದೇ ಮುಖ್ಯವಾದದ್ದು. ಕಲಿಸುವವರು ಯಾರು? ವಾದ್ಯ ಬಂದರೆ ವಿದ್ಯೆಯೂ ತಾನೇ ಬರುತ್ತದೆಂಬ ಭ್ರಮೆ ಹೊಸದಲ್ಲ. ಎಷ್ಟೋ ಮನೆಗಳ ಅಟ್ಟದ ಮೇಲೆ ಹಾರ್ಮೋನಿಯಂ ಪೆಟ್ಟಿಗೆಗಳು ಇಲಿಗಳ ಪಾಲಾಗಿರುವುದನ್ನು ನಾವು ಕಂಡಿದ್ದೇವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು ಅಂಧರಿಗೂ ಬಡಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿದರು. 1914ರಿಂದ 2010ರವರೆಗೆ ಬಾಳಿದ ಪುಟ್ಟರಾಜರು ತಾವೇ ಕಣ್ಣು ಕಾಣದವರು. ಆದರೂ ಅನೇಕ ವಾದ್ಯಗಳಲ್ಲಿ ಪರಿಣತರು. ಅಲ್ಲಿ ಕಲಿತು ಹೊರಬಂದವರಿಗೆ ವಿದ್ಯೆ ದೊರೆತದ್ದು ಗುರುವಿನ ಮುಂದೆ ಕುಳಿತಾಗ, ಅಂಗಡಿಯ ಮುಂದೆ ನಿಂತಾಗ ಅಲ್ಲ.

ತಾಳವನ್ನು ಕಲಿಯಲು ಆರಂಭದಲ್ಲಿ ಹಣವೇ ಬೇಕಾಗಿಲ್ಲ. ಮೃದಂಗ ಕಲಿಯುವ ಹುಡುಗರು ಜತಿಗಳನ್ನು ಮೊದಲು ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ, ಆಮೇಲೆ ವಾದ್ಯಕ್ಕೆ ಇಳಿಸುತ್ತಾರೆ. ಆದಿತಾಳದ ಎಂಟು ಅಕ್ಷರಗಳನ್ನು ಒಂದೇ ಕಾಲದಲ್ಲಿ ಹತ್ತು ನಿಮಿಷ ಕೆಡದಂತೆ ಹಿಡಿದುಕೊಂಡು ಕೂರುವುದು ಎಷ್ಟು ಕಠಿಣವೆಂಬುದನ್ನು ಮಾಡಿ ನೋಡಿದವರೇ ಬಲ್ಲರು. ಡ್ರಮ್ಸ್ ಕಲಿಯುವವರೂ ಒಂದು ಜೊತೆ ಕೋಲು, ರಬ್ಬರಿನ ಅಭ್ಯಾಸದ ಹಲಗೆ ಇಟ್ಟುಕೊಂಡು ದಿನಗಟ್ಟಲೆ ಎಡಗೈ ಬಲಗೈ ಸಮಮಾಡಿಕೊಳ್ಳುತ್ತಾರೆ. ಇದಕ್ಕೆ ಸಾವಿರಗಳು ಬೇಡ, ಕೆಲವು ನೂರು ರೂಪಾಯಿ ಸಾಕು.

ಆದುದರಿಂದ ಆ ಗೃಹಸ್ಥರಿಗೆ ನಮ್ಮ ಸಲಹೆ ಇದು. ಮಗನಿಗೆ ಇಲ್ಲವೆನ್ನಬೇಡಿರಿ, ಮೂರು ತಿಂಗಳ ಅವಧಿ ಕೊಡಿರಿ. ಕೋಲು, ಹಲಗೆ ತಂದುಕೊಡಿರಿ. ದಿನಕ್ಕೆ ಒಂದು ಗಂಟೆ, ತಪ್ಪದೆ, ಅವನೇ ಕುಳಿತು ಅಭ್ಯಾಸ ಮಾಡಲಿ. ತುಮಕೂರಿನಲ್ಲೋ ಕುಣಿಗಲ್ಲಿನಲ್ಲೋ ವಾದ್ಯಗೋಷ್ಠಿಯ ವಾದಕರೊಬ್ಬರನ್ನು ಹುಡುಕಿ, ವಾರಕ್ಕೊಮ್ಮೆ ಅವರ ಸೆಟ್ಟಿನ ಮೇಲೆಯೇ ಕಲಿಸುವಂತೆ ಕೇಳಿಕೊಳ್ಳಲಿ. ನಿಮ್ಮ ಭಾಗದ ವೀರಗಾಸೆ, ಕರಡೆ ಮೇಳದವರ ಬಳಿಗೂ ಹೋಗಿ ಕೂರಲಿ; ಲಯ ಯಾವ ದೇಶದ ವಾದ್ಯದಲ್ಲಿದ್ದರೂ ಲಯವೇ. ಮೂರು ತಿಂಗಳಲ್ಲಿ ಹಂಬಲ ಆರಿಹೋದರೆ 19,000 ರೂಪಾಯಿಯೂ ಉಳಿಯಿತು, ತಂದೆ ತಡೆದನೆಂಬ ಕೊರಗೂ ಉಳಿಯಲಿಲ್ಲ. ಹಂಬಲ ಬೆಳೆದಿದ್ದರೆ ಆಗ ರಿಯಾಯಿತಿಗೆ ಕಾಯಬೇಡಿರಿ. ಗುರುವನ್ನು ಕರೆದುಕೊಂಡು ಹೋಗಿ, ತಟ್ಟಿ ನೋಡಿ, ಬೇಕಾದರೆ ಒಬ್ಬರು ಬಳಸಿದ್ದನ್ನೇ ಆರಿಸಿ ಕೊಡಿಸಿರಿ. ನ್ಯಾಯವಾದ ಬೆಲೆ ಕೊಟ್ಟು ತಂದ ಬೇಕಾದ ವಸ್ತು, ಅರ್ಧ ಬೆಲೆಗೆ ತಂದ ಬೇಡದ ವಸ್ತುವಿಗಿಂತ ಅಗ್ಗ.

ಮೊಬೈಲಿನಲ್ಲಿಯೇ ಕೊಳ್ಳುವುದಾದರೆ ಕೆಲವು ಎಚ್ಚರಿಕೆಗಳು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರುವವನ ಹೆಸರು ವಿಳಾಸ, ವಸ್ತು ತಯಾರಾದ ದೇಶ, ಹಿಂದಿರುಗಿಸುವ ಷರತ್ತು ಇವನ್ನು ಗ್ರಾಹಕನಿಗೆ ತಿಳಿಸಲೇಬೇಕು. ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಇವು ಕಾಣದ ಕಡೆ ಹಣ ಕಟ್ಟಬೇಡಿರಿ. ಪೆಟ್ಟಿಗೆ ಬಂದಾಗ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿರಿ. ಹಿಂದಿರುಗಿಸುವ ಅವಧಿ ಮುಗಿಯುವ ತನಕ ರಟ್ಟನ್ನೂ ಬಿಲ್ಲನ್ನೂ ಎಸೆಯಬೇಡಿರಿ. ಮೋಸವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮಾರಿದವನು ಎಲ್ಲಿಯೇ ಇರಲಿ, ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ಕೊತ್ತಗೆರೆಯವರು ದೆಹಲಿಗೆ ಅಲೆಯಬೇಕಾಗಿಲ್ಲ, ತುಮಕೂರು ಸಾಕು.

ಕೊನೆಯದಾಗಿ, ಸಣ್ಣ ಅಕ್ಷರದಲ್ಲಿ ಬರೆದ ಆ ಮಾತು. ಪತ್ರವನ್ನು ಓದುವಾಗ ನಾವು ಬಹಳ ಹೊತ್ತು ನಿಂತದ್ದು ಅಲ್ಲಿ. ಮನೆಯಲ್ಲಿ ಮಗ ಹಟ ಹಿಡಿದಿದ್ದಾನೆ, ಆದುದರಿಂದ ಅವನ ಬೇಡಿಕೆ ಎಲ್ಲರಿಗೂ ಕೇಳಿಸಿದೆ. ಮಗಳು ಏನನ್ನೂ ಕೇಳಿಲ್ಲ. ಜೂನ್ ತಿಂಗಳಿಗೆ ತನ್ನ ಶುಲ್ಕ ಸಿದ್ಧವಿದೆಯೆಂದು ನಂಬಿ ಓದಿಕೊಂಡಿದ್ದಾಳೆ. ಮುಂಗಾರು ತಡವಾದರೆ, ಒಂದು ಹಸು ಕಾಯಿಲೆ ಬಿದ್ದರೆ ಹೊಂದಿಸುವೆವೆಂಬ ಹಣ ಹೊಂದದೆ ಹೋಗಬಹುದು. ಆಗ ಅವಳು ಬಾಯಿಬಿಟ್ಟು ದೂರಲಿಕ್ಕೂ ಇಲ್ಲ. ಕೇಳುವವರ ಆಸೆಯನ್ನು ಕೇಳದವರ ಪಾಲಿನಿಂದ ತೀರಿಸುವುದು ನಮ್ಮ ಸಂಸಾರಗಳಲ್ಲಿ ಯಾರಿಗೂ ಗೊತ್ತಾಗದಂತೆ ನಡೆದುಹೋಗುವ ಅನ್ಯಾಯ. ವಾದ್ಯದ ಹಣ ಬೇರೆ ದಾರಿಯಿಂದಲೇ ಬರಲಿ. ತೆಂಗಿನಕಾಯಿ ಕೀಳುವ ಕಾಲಕ್ಕೆ ಮಗನೇ ತೋಟದಲ್ಲಿ ದುಡಿದು ಅದರ ಒಂದು ಭಾಗ ಕೂಡಿಡಲಿ. ತನ್ನ ಬೆವರು ಸೇರಿದ ವಾದ್ಯವನ್ನು ಅವನು ಅಟ್ಟಕ್ಕೆ ಹಾಕುವುದಿಲ್ಲ.

ಒಂದು ಸಂಜೆ ನಾಲ್ವರೂ ಒಟ್ಟಿಗೆ ಕುಳಿತು ಈ ಮಾತನ್ನು ಎತ್ತಿರಿ. ಬೆಳಗಿನ ಜಾವಕ್ಕೆದ್ದು ಹಾಲು ಕರೆದು ಆ ಹಣ ಕೂಡಿಸಿದ ತಾಯಿ ಮೊದಲು ಮಾತಾಡಲಿ. ಅನಂತರ ಮಗಳು. ಆಮೇಲೆ ಮಗ. ತಂದೆ ಎಲ್ಲರ ಮಾತು ಮುಗಿದ ಮೇಲೆ ನಿರ್ಣಯ ಹೇಳಲಿ.